ಡಬ್ಬಿಯಲ್ಲೇ ಇಟ್ಟ ಹಳೇ ಮಾಡೆಲ್ ರೈಲು ಎಂಜಿನ್ ಬಿರುಕು ಬಿಡುವುದೇಕೆ? ಸಕಲೇಶಪುರದ ಮಳೆಗೆ ಹೇಗೆ ಕಾಪಾಡಲಿ?

ತಪ್ಪು ನಿಮ್ಮದಲ್ಲ, ಲೋಹದ್ದು. 1930ರ ದಶಕದ ಅನೇಕ ಮಾಡೆಲ್ ಎಂಜಿನ್‌ಗಳ ಭಾಗಗಳನ್ನು ಸತುವಿನ ಮಿಶ್ರಲೋಹ ಕರಗಿಸಿ ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ಅದರಲ್ಲಿ ಚೂರೇ ಚೂರು ಸೀಸ ಬೆರೆತಿದ್ದರೂ ಸಾಕು, ಲೋಹದ ಕಣಗಳ ನಡುವಿನ ಸಂದುಗಳಲ್ಲಿ ತುಕ್ಕಿನಂಥದ್ದು ಶುರುವಾಗುತ್ತದೆ. ಒಳಗಿನಿಂದಲೇ ಊದಿಕೊಂಡು, ಬಾಗಿ, ಕೊನೆಗೆ ಹಳೇ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಜಿಂಕ್ ಪೆಸ್ಟ್, ಅಂದರೆ ಸತುವಿನ ಪೀಡೆ, ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಇದು ಹುಳ ಅಲ್ಲ. ಪಕ್ಕದ ಎಂಜಿನ್‌ಗೆ ಹರಡುವುದಿಲ್ಲ.

ತೇವ ಇದ್ದರೆ ಇದು ಜಾಸ್ತಿಯಾಗುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಅಲ್ವಾ? ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಆಗಾಗ ಬದಲಿಸಿ. ಅಟ್ಟದ ಮೇಲಂತೂ ಬೇಡ.

ಹಾಳಾದ ಭಾಗ ಮತ್ತೆ ಗಟ್ಟಿಯಾಗುವುದಿಲ್ಲ. ಅಂಟು ಹಾಕಿದರೆ ಸ್ವಲ್ಪ ದಿನ ನಿಲ್ಲಬಹುದು, ಅಷ್ಟೆ. ಚಕ್ರವೋ ಚಾಸಿಯೋ (ಎಂಜಿನ್‌ನ ಅಡಿ ಚೌಕಟ್ಟು) ಆದರೆ ಹೊಸದು ಹಾಕಿ ಓಡಿಸಿ. ಆದರೆ ನಿಮ್ಮದು ಪ್ರೋಟೋಟೈಪ್, ಅಂದರೆ ಮಾರಾಟಕ್ಕೆ ಮುನ್ನ ಕಾರ್ಖಾನೆಯಲ್ಲಿ ಮಾಡಿ ನೋಡಿದ ಮೊದಲ ಮಾದರಿ, ಆಗಿದ್ದರೆ ಸುಮ್ನೆ ಹೊಸ ಬಣ್ಣ ಬಳಿಯಬೇಡಿ. ಅರ ಉಜ್ಜಿದ ಗೆರೆ, ಕೈಯಲ್ಲಿ ಬರೆದ ನಂಬರ್, ಒರಟು ಬಣ್ಣ ಇವೇ ಅದು ಅಸಲಿ ಅನ್ನುವುದಕ್ಕೆ ಸಾಕ್ಷಿ. ಬಿಚ್ಚಿ ತೆಗೆದ ಹಳೇ ಭಾಗವನ್ನೂ ಎಸೆಯದೆ, ಪೊಟ್ಟಣ ಕಟ್ಟಿ ಜೊತೆಗೇ ಇಡಿ.