ಚಿತ್ರದ ಮೂಲೆಯಲ್ಲಿ ಪೂರ್ತಿ ಹೆಸರು ಬರೆಯಬೇಕೋ, ಇನಿಷಿಯಲ್ ಸಾಕೋ, ಬೇರೆ ಅಂಕಿತನಾಮ ಇಟ್ಟುಕೊಳ್ಳಬೇಕೋ ಎಂಬುದು ನಿಮ್ಮ ಪ್ರಶ್ನೆ.

ನೀವು ಎರಡು ತೊಂದರೆ ಹೇಳಿದ್ದೀರಿ: ನಿಮ್ಮ ಹೆಸರು ಉದ್ದ, ಜೊತೆಗೆ ಅದೇ ಹೆಸರಿನಲ್ಲಿ ಚಿತ್ರ ಬರೆಯುವವರು ಇನ್ನೊಬ್ಬರಿದ್ದಾರೆ. ಉದ್ದದ ಚಿಂತೆ ಸದ್ಯಕ್ಕೆ ಬಿಡಿ, ಅದನ್ನು ಕತ್ತರಿಸಬಹುದು. ಎರಡನೆಯದನ್ನು ಮಾತ್ರ ಈಗಲೇ ಬಗೆಹರಿಸಿಕೊಳ್ಳಿ. ಚಿತ್ರಗಳು ಕೈಬಿಟ್ಟು ಹೋದ ಮೇಲೆ ಆ ಗೊಂದಲ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ.

1865ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಚಿತ್ರಕಾರ ಕ್ಲೋದ್ ಮೊನೆಯ ಸಮುದ್ರದ ಚಿತ್ರಗಳನ್ನು ಮೆಚ್ಚಿದವರು ಹೋಗಿ ಇನ್ನೊಬ್ಬ ಚಿತ್ರಕಾರ ಎದುವಾರ್ ಮಾನೆಯನ್ನು ಅಭಿನಂದಿಸಿದರು. ಇಬ್ಬರ ಹೆಸರಿನ (Monet, Manet) ನಡುವೆ ಇದ್ದದ್ದು ಒಂದೇ ಅಕ್ಷರದ ಅಂತರ. ಛಾಯಾಗ್ರಾಹಕ ನಾದಾರ್‌ಗೆ ಒದಗಿದ್ದು ಇನ್ನೂ ಕೆಟ್ಟದ್ದು. ನಾದಾರ್ ಎಂಬುದು ಫೆಲಿಕ್ಸ್ ತೂರ್ನಶೋಂ ಇಟ್ಟುಕೊಂಡಿದ್ದ ಅಂಕಿತ. ತಮ್ಮ ಆದ್ರಿಯೆನ್ ತನ್ನನ್ನು 'ಕಿರಿಯ ನಾದಾರ್' ಎಂದು ಕರೆದುಕೊಂಡು ಅದೇ ವೃತ್ತಿ ನಡೆಸಿದ. ಅಣ್ಣ ನ್ಯಾಯಾಲಯಕ್ಕೆ ಹೋಗಿ 1857ರಲ್ಲಿ ಗೆದ್ದ ಮೇಲೆಯೇ ಆ ಹೆಸರು ಅವನೊಬ್ಬನದಾಯಿತು.

ಆದ್ದರಿಂದ ಮನಸ್ಸಿಗೆ ಬಂದ ಹೆಸರನ್ನು ಮೊದಲು ಹುಡುಕಿ ನೋಡಿ. ಕನ್ನಡದಲ್ಲೂ ರೋಮನ್ ಲಿಪಿಯಲ್ಲೂ ಹುಡುಕಬೇಕು. ರೋಮನ್‌ನಲ್ಲಿ ಎಷ್ಟು ಬಗೆಯ ಕಾಗುಣಿತ ಸಾಧ್ಯವೋ ಅಷ್ಟನ್ನೂ ಹಾಕಿ ನೋಡಬೇಕು. ಚಿತ್ರಗಳ ಹುಡುಕಾಟ, ಸಾಮಾಜಿಕ ಜಾಲತಾಣಗಳ ಖಾತೆ ಹೆಸರು, ವೆಬ್‌ಸೈಟ್ ವಿಳಾಸ ಎಲ್ಲವನ್ನೂ ತಪಾಸಿಸಿ. ಅದೇ ಹೆಸರಿನ ವೈದ್ಯರೋ ವಕೀಲರೋ ಸಿಕ್ಕರೆ ತೊಂದರೆಯಿಲ್ಲ. ದೃಶ್ಯಕಲೆಯಲ್ಲೇ ಒಬ್ಬರು ಸಿಕ್ಕರೆ, ಅವರು ತೀರಿಕೊಂಡಿದ್ದರೂ, ಆ ರೂಪವನ್ನು ಕೈಬಿಡಿ.

ಬಿಟ್ಟ ಮೇಲೆ ಏನು ಮಾಡುವುದು? ಹಿಂದಿನವರು ಹಿಡಿದ ದಾರಿಗಳನ್ನು ನೋಡಿದರೆ, ತೀರಾ ಹೊಸ ಹೆಸರು ಕಟ್ಟಿದವರಿಗಿಂತ ತಮ್ಮಲ್ಲೇ ಇದ್ದ ಹೆಸರನ್ನು ತಿರುಗಿಸಿಕೊಂಡವರು ಬಹಳ. ಪಿಕಾಸೋ ಆರಂಭದಲ್ಲಿ ತಂದೆಯ ಕಡೆಯ ರೂಯಿಸ್ ಸೇರಿಸಿಯೇ ಸಹಿ ಹಾಕುತ್ತಿದ್ದ. ಅದು ಸ್ಪೇನಿನಲ್ಲಿ ತೀರಾ ಸಾಮಾನ್ಯ ಹೆಸರು. 1901ರ ಹೊತ್ತಿಗೆ ತಾಯಿಯ ಕಡೆಯ ಹೆಸರನ್ನಷ್ಟೇ ಉಳಿಸಿಕೊಂಡ. ಬೆಲ್ಜಿಯಂನ ಚಿತ್ರಕಥೆಗಾರ ಜಾರ್ಜ್ ರೆಮಿ ತನ್ನ ಎರಡು ಇನಿಷಿಯಲ್‌ಗಳನ್ನು ಹಿಂದುಮುಂದು ಮಾಡಿ (ಜಿ.ಆರ್. ಬದಲು ಆರ್.ಜಿ.), ಫ್ರೆಂಚ್ ಉಚ್ಚಾರದಲ್ಲಿ ಓದಿ 'ಎರ್ಜೆ' ಆದ. ಛಾಯಾಗ್ರಾಹಕ ಬ್ರಾಸಾಯ್ ಹುಟ್ಟೂರು ಬ್ರಾಶೋವ್‌ನಿಂದ ಹೆಸರು ಪಡೆದ. ಇಂಥವು ಬಾಳಿಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತರ ವಯಸ್ಸಿನಲ್ಲಿ ಭಾರಿ ಅರ್ಥವಿದೆ ಎನಿಸಿದ ಅಂಕಿತ ನಲವತ್ತರಲ್ಲಿ ಮುಜುಗರ ತರಬಹುದು. ತಾಯಿಯ ಹೆಸರೋ ಊರಿನ ಹೆಸರೋ ಹಾಗೆ ಮಾಡುವುದಿಲ್ಲ.

ಬರೀ ಇನಿಷಿಯಲ್ ಅಥವಾ ಅಕ್ಷರಗಳನ್ನು ಹೆಣೆದ ಗುರುತನ್ನು ಮಾತ್ರ ನೆಚ್ಚಿಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ಹದಿನೇಳನೇ ಶತಮಾನದ ಡಚ್ ಕಲಾವಿದೆ ಯೂಡಿತ್ ಲೈಸ್ಟರ್ ತನ್ನ ಹೆಸರಿನ ಮೊದಲಕ್ಷರಗಳನ್ನು ಹೆಣೆದು, ಒಂದು ನಕ್ಷತ್ರ ಸೇರಿಸಿ ಗುರುತು ಮಾಡುತ್ತಿದ್ದಳು. ಸುಂದರವಾದ ಗುರುತು, ಆದರೆ ಅದರಲ್ಲಿ ಹೆಸರಿಲ್ಲ. ಆಕೆ ತೀರಿಕೊಂಡದ್ದು 1660ರಲ್ಲಿ. ನಂತರ ಆಕೆಯ ಚಿತ್ರಗಳು ಅದೇ ಕಾಲದ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಸಾಗಿಹೋದವು. 1893ರಲ್ಲಿ ಕಲಾ ಇತಿಹಾಸಕಾರ ಹೊಫ್ಸ್ಟೆಡೆ ಡಿ ಗ್ರೂಟ್ ಆ ಗುರುತನ್ನು ಗುರುತಿಸಿದ ಮೇಲೆಯೇ ಅವು ಆಕೆಗೆ ಮರಳಿದ್ದು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನ ದೊಡ್ಡ 'ಎ' ಒಳಗಿನ 'ಡಿ' ಕೆಲಸ ಮಾಡಿದ್ದು ಅವನು ಬದುಕಿದ್ದಾಗಲೇ ಹೆಸರಾಗಿದ್ದರಿಂದ. ಈಗಿನ ತೊಂದರೆ ಇನ್ನೂ ಸರಳ: ಎರಡಕ್ಷರವನ್ನು ಯಾರೂ ಹುಡುಕಿ ತೆಗೆಯಲಾರರು. ಮುಂದೆ ಗುರುತು, ಹಿಂದೆ ಪೂರ್ತಿ ಹೆಸರು ಮತ್ತು ವರ್ಷ ಎಂದು ಮಾಡಿಕೊಂಡರೆ ಅಡ್ಡಿಯಿಲ್ಲ.

ಓದುವವರ ನಾಲಿಗೆಗೆ ಹೆಸರು ಒಗ್ಗುತ್ತದೆಯೇ ಎಂಬುದನ್ನೂ ನೋಡಬೇಕು. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನಿಂದ ಬರೆದ ಪತ್ರವೊಂದರಲ್ಲಿ, ಪ್ರದರ್ಶನದ ಪಟ್ಟಿಯಲ್ಲಿ ತನ್ನ ಹೆಸರನ್ನು ಕ್ಯಾನ್ವಾಸ್ ಮೇಲಿರುವಂತೆ 'ವಿನ್ಸೆಂಟ್' ಎಂದೇ ಅಚ್ಚುಮಾಡಬೇಕು, ಮನೆತನದ ಹೆಸರನ್ನು ಇಲ್ಲಿಯವರು ಉಚ್ಚರಿಸಲಾರರು ಎಂದು ಬರೆದ. ಗ್ರೀಕ್ ಮೂಲದ ಚಿತ್ರಕಾರ ಎಲ್ ಗ್ರೆಕೋ ಇದಕ್ಕೆ ವಿರುದ್ಧ. ಸ್ಪೇನಿನಲ್ಲಿದ್ದೂ ಗ್ರೀಕ್ ಲಿಪಿಯಲ್ಲಿ ತನ್ನ ಪೂರ್ತಿ ಹೆಸರು ಬರೆಯುತ್ತಿದ್ದ. ಜನ ಅದನ್ನು ಓದುವ ಗೋಜಿಗೆ ಹೋಗದೆ 'ಎಲ್ ಗ್ರೆಕೋ', ಅಂದರೆ 'ಗ್ರೀಕನವನು', ಎಂದೇ ಕರೆದರು. ಕನ್ನಡದಲ್ಲಿ ಸಹಿ ಹಾಕಬೇಕೆಂಬ ಆಸೆಯಿದ್ದರೆ ಖಂಡಿತ ಹಾಕಿ, ಅದು ನಿಮ್ಮ ಲಿಪಿ. ಹಿಂಬದಿಯಲ್ಲಿ ರೋಮನ್ ರೂಪವನ್ನೂ ಬರೆಯಿರಿ, ಅದರ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ.

ಕಾಗದದ ಮೇಲೆ ಪೆನ್ನಿನಿಂದ ಚೆನ್ನಾಗಿ ಬರುವ ಸಹಿ ಕ್ಯಾನ್ವಾಸ್ ಮೇಲೆ ಕೆಡುತ್ತದೆ. ಆಯ್ಕೆಗೆ ಉಳಿದ ಎರಡು ಮೂರು ರೂಪಗಳನ್ನು ನೀವು ನಿಜವಾಗಿ ಬಳಸುವ ಮೇಲ್ಮೈಯಲ್ಲಿ, ನಿಜವಾಗಿ ಬಳಸುವ ಕುಂಚದಿಂದ ಇಪ್ಪತ್ತು ಮೂವತ್ತು ಸಲ ಬರೆಯಿರಿ, ಅಕ್ಷರ ಒಂದು ಸೆಂಟಿಮೀಟರ್ ಎತ್ತರ ಮೀರದಂತೆ. ಒರಟು ಕ್ಯಾನ್ವಾಸಿನ ನೇಯ್ಗೆಯಲ್ಲಿ ಒತ್ತಕ್ಷರಗಳು ಮೆತ್ತಿಕೊಂಡು ಮುದ್ದೆಯಾಗುತ್ತವೆ, ದೀರ್ಘದ ಕೊಂಬು ಕಾಣೆಯಾಗುತ್ತದೆ. ಹೆಸರಿನಲ್ಲಿ ಎರಡು ಒತ್ತಕ್ಷರಗಳಿದ್ದರೆ ಮೊಟಕುಗೊಳಿಸಲು ಅದೇ ಸಾಕಷ್ಟು ಕಾರಣ. ಉದ್ದ ಕೂದಲಿನ ಸಪೂರ ಕುಂಚ, ಹರಿಯುವಷ್ಟು ತೆಳುಮಾಡಿದ ಬಣ್ಣ ಇರಲಿ. ಬಣ್ಣವನ್ನು ಚಿತ್ರದಿಂದಲೇ ತೆಗೆದುಕೊಂಡು ಹಿನ್ನೆಲೆಗಿಂತ ಒಂದೆರಡು ಛಾಯೆ ಗಾಢ ಅಥವಾ ತಿಳಿ ಮಾಡಿ. ಅಚ್ಚ ಕೆಂಪಿನಲ್ಲಿ ಬರೆದರೆ ಕಣ್ಣು ಮೊದಲು ಹೋಗುವುದೇ ಮೂಲೆಗೆ.

ಅಂಚಿನಿಂದ ಎರಡು ಸೆಂಟಿಮೀಟರ್‌ನಷ್ಟು ಒಳಗೆ ಬರೆಯಿರಿ. ಚೌಕಟ್ಟಿನ ತುಟಿ ಅಂಚನ್ನು ಅರ್ಧ ಸೆಂಟಿಮೀಟರಿಗೂ ಹೆಚ್ಚು ನುಂಗುತ್ತದೆ. ತೈಲಚಿತ್ರದಲ್ಲಿ ವಾರ್ನಿಷ್‌ಗೆ ಮೊದಲೇ ಸಹಿ ಆಗಬೇಕು. ವಾರ್ನಿಷ್ ಮೇಲೆ ಬರೆದದ್ದು, ಮುಂದೊಂದು ದಿನ ಅದನ್ನು ತೆಗೆದು ಶುಚಿಮಾಡುವಾಗ ಅದರೊಂದಿಗೇ ಹೋಗುತ್ತದೆ. ವರ್ಷಗಳ ನಂತರ ನೆನಪಾಗಿ ಸಹಿ ಹಾಕಿದರೂ ಅಪಾಯವೇ. ಒಣಗಿ ಬಿರುಕುಬಿಟ್ಟ ಪದರದ ಸೀಳುಗಳೊಳಗೆ ಹೊಸ ಬಣ್ಣ ಇಳಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ, ಅಸಲಿ ಚಿತ್ರದ ಮೇಲೂ ಅನುಮಾನ ಹುಟ್ಟುತ್ತದೆ. ಹಿಂಬದಿಯ ಬರಹ ಕ್ಯಾನ್ವಾಸ್ ಬಿಗಿದ ಮರದ ಪಟ್ಟಿಯ ಮೇಲಿರಲಿ. ಬಟ್ಟೆಯ ಮೇಲೆ ಮಾರ್ಕರ್ ಬಳಸಿದರೆ ಶಾಯಿ ಮುಂಬದಿಗೆ ಇಳಿಯಬಹುದು. ಅಚ್ಚುಚಿತ್ರವಾದರೆ ಮುದ್ರಣದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ 3/25ರಂತೆ (ಇಪ್ಪತ್ತೈದರಲ್ಲಿ ಮೂರನೆಯದು) ಪ್ರತಿ ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ.

ಬ್ಯಾಂಕಿನ ಚೆಕ್ಕಿಗೆ ಹಾಕುವ ಸಹಿಯನ್ನು ಚಿತ್ರಕ್ಕೆ ಹಾಕಲೇಬೇಡಿ. ಚಿತ್ರದ ಫೋಟೊ ಎಲ್ಲೆಡೆ ಹರಿದಾಡುತ್ತದೆ, ನಕಲು ಮಾಡುವವರಿಗೆ ನೀವೇ ಮಾದರಿ ಕೊಟ್ಟಂತಾಗುತ್ತದೆ.

ಕಾನೂನಿನ ವಿಷಯ: ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಕೃತಿಯ ಮೇಲೆ ಎಂದಿನಂತೆ ಹೆಸರು ಇರುವವರನ್ನೇ ಕರ್ತೃ ಎಂದು ಭಾವಿಸಲಾಗುತ್ತದೆ. ಯಾರದೆಂದು ಸಂಶಯವಿಲ್ಲದ ಅಂಕಿತಕ್ಕೂ ಇದು ಅನ್ವಯಿಸುತ್ತದೆ. ಅಂಕಿತದ ಹಿಂದಿರುವವರು ಯಾರೆಂದೇ ತಿಳಿಯದಿದ್ದರೆ ಹಕ್ಕಿನ ಅವಧಿಯ ಲೆಕ್ಕ ಕರ್ತೃವಿನ ಮರಣದಿಂದಲ್ಲ, ಕೃತಿ ಸಾರ್ವಜನಿಕವಾದಂದಿನಿಂದ ಶುರುವಾಗುತ್ತದೆ. ಅಂದರೆ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಗುಟ್ಟಾಗಿರಬೇಕೆಂಬ ಬಲವಾದ ಕಾರಣವಿಲ್ಲದಿದ್ದರೆ ಮಾರಾಟ ಪತ್ರದಲ್ಲಿ, ದೃಢೀಕರಣ ಪತ್ರದಲ್ಲಿ ದಾಖಲೆಯ ಹೆಸರನ್ನೂ ಅಂಕಿತವನ್ನೂ ಒಟ್ಟಿಗೆ ಬರೆಯಿರಿ. ಹಣ ಬರುವುದು ದಾಖಲೆಯ ಹೆಸರಿನ ಖಾತೆಗೇ, ಕರಾರಿನಲ್ಲಿ ಅಂಕಿತ ಮಾತ್ರ ಇದ್ದರೆ ಅಲ್ಲಿ ತಡೆಯಾಗುತ್ತದೆ.

ಈಗಾಗಲೇ ಕೆಲವು ಚಿತ್ರಗಳು ಹಳೆಯ ಹೆಸರಿನಲ್ಲಿ ಹೋಗಿವೆ ಎಂದಿದ್ದೀರಿ. ಬದಲಾಯಿಸಲು ಅದು ಅಡ್ಡಿಯಲ್ಲ. ಡಚ್ ಚಿತ್ರಕಾರ ರೆಂಬ್ರಾಂಟ್ ಮೊದಲು ಮೂರು ಅಕ್ಷರಗಳ ಗುರುತು ಹಾಕುತ್ತಿದ್ದ, 1632ರಲ್ಲಿ ಅದಕ್ಕೆ ಮನೆತನದ ಹೆಸರು ಸೇರಿಸಿದ, 1633ರಿಂದ ಮೊದಲ ಹೆಸರೊಂದೇ ಉಳಿಯಿತು. ಜಪಾನಿನ ಚಿತ್ರಕಾರ ಹೊಕುಸಾಯ್ ಬದುಕಿನುದ್ದಕ್ಕೂ ಮೂವತ್ತಕ್ಕೂ ಹೆಚ್ಚು ಹೆಸರು ಬಳಸಿದ, ಬಿಟ್ಟ ಹೆಸರುಗಳಲ್ಲಿ ಕೆಲವನ್ನು ಶಿಷ್ಯರಿಗೆ ಕೊಟ್ಟ. ಅದರಿಂದಾಗಿ ಯಾವುದು ಗುರುವಿನದು, ಯಾವುದು ಶಿಷ್ಯನದು ಎಂದು ತಜ್ಞರು ತಿಣುಕಬೇಕಾಗುತ್ತದೆ. ನೀವು ಬದಲಾಯಿಸುವುದಾದರೆ ಹೊಸ ವರ್ಷದ ಮೊದಲ ಕೃತಿಯಿಂದ ಶುರುಮಾಡಿ, ಹಳೆಯವನ್ನು ತಿದ್ದಲು ಹೋಗಬೇಡಿ. ಒಂದು ಪುಸ್ತಕದಲ್ಲಿ ಪ್ರತಿ ಕೃತಿಯ ಶೀರ್ಷಿಕೆ, ಅಳತೆ, ವರ್ಷ, ಯಾವ ರೂಪದ ಸಹಿ, ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಬರೆದು, ಸಹಿಯ ಹತ್ತಿರದ ಫೋಟೊ ಒಂದನ್ನು ಅಂಟಿಸಿಡಿ.