ಮಧ್ಯದ ಹಾಪ್ ಕೆಂಪಾಗಿದೆ ಅಂತ ಕಂಪ್ಲೇಂಟ್ ಕೊಡಬೇಡಿ, ಮೊದಲು ಕೊನೆಯ ಸಾಲು ನೋಡಿ

ನೀವು ಕೇಳಿದ್ದು ಇಷ್ಟು: ಕುಮಟಾ ಹತ್ತಿರದ ಊರು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿ ಕೆಲಸ, ರಾತ್ರಿ ಎಂಟರ ಮೇಲೆ ವಿಡಿಯೋ ಕಾಲ್ ಕಡಿದು ಕಡಿದು ಬರುತ್ತದೆ. ನೆಟ್‌ನ ದಾರಿ ಅಳೆಯುವ ಪಿಂಗ್‌ಪ್ಲಾಟರ್ ಟೂಲ್ ಹಾಕಿದ್ದೀರಿ, ನಾಲ್ಕನೇ ಹಾಪ್‌ನಲ್ಲಿ (ಹಾಪ್ ಅಂದರೆ ದಾರಿಯಲ್ಲಿ ಸಿಗುವ ಒಂದೊಂದು ರೂಟರ್) 60% ಪ್ಯಾಕೆಟ್ ಲಾಸ್, ಅಂದರೆ ಕಳಿಸಿದ ಡೇಟಾ ತುಣುಕುಗಳು ಕಳೆದುಹೋದ ಪ್ರಮಾಣ, ತೋರಿಸುತ್ತಿದೆ. ತಪ್ಪು ಅಲ್ಲೇ ಇದೆ ಅಂತ ನೆಟ್‌ನವರಿಗೆ ಹೇಳಬಹುದಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನೀವು ಹಾಕಿದ ಸ್ಕ್ರೀನ್‌ಶಾಟ್‌ನಲ್ಲಿ ಕೊನೆಯ ಹಾಪ್‌ನ ಲಾಸ್ 0 ಇದೆ. ನಾಲ್ಕರಲ್ಲಿ ನಿಜವಾಗಿ ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಐದು, ಆರು, ಏಳು, ಕೊನೆಯದು, ಎಲ್ಲದರಲ್ಲೂ ಹೆಚ್ಚು ಕಡಿಮೆ ಅಷ್ಟೇ ಲಾಸ್ ಕಾಣಬೇಕಿತ್ತು, ಅಲ್ವಾ?

ಟೂಲ್ ಮಾಡುವುದು ಇಷ್ಟೇ. ಕಳಿಸುವ ಪ್ಯಾಕೆಟ್‌ನಲ್ಲಿ ಟಿಟಿಎಲ್ ಅಂತ ಒಂದು ಅಂಕಿ ಇಡುತ್ತದೆ. ದಾರಿಯ ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಎಲ್ಲಿ ಸೊನ್ನೆಯಾಯಿತೋ ಆ ರೂಟರ್ ಪ್ಯಾಕೆಟ್ ಬಿಸಾಕಿ, ನಿಮಗೊಂದು ಐಸಿಎಂಪಿ ಉತ್ತರ (ನೆಟ್‌ವರ್ಕ್‌ನ ಸ್ಥಿತಿ ತಿಳಿಸುವ ಪುಟ್ಟ ಸಂದೇಶ) ಕಳಿಸುತ್ತದೆ. ದೊಡ್ಡ ರೂಟರ್‌ಗಳಿಗೆ ಈ ಉತ್ತರ ಕೊಡುವುದು ಮುಖ್ಯ ಕೆಲಸವಲ್ಲ, ಹಾಗಾಗಿ ಸೆಕೆಂಡಿಗೆ ಇಂತಿಷ್ಟೇ ಅಂತ ಮಿತಿ ಹಾಕಿರುತ್ತಾರೆ, ಕೆಲವು ಕಡೆ ಉತ್ತರವನ್ನೇ ಬಂದ್ ಮಾಡಿರುತ್ತಾರೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಯಾರೂ ಮಾತಾಡದಿದ್ದರೂ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಹಾಗೆ. ನಿಮ್ಮ ನಾಲ್ಕನೇ ಹಾಪ್‌ನ 60% ಅಂಥ ಉತ್ತರ ಬರದ ಲೆಕ್ಕ ಅಷ್ಟೇ.

ಇನ್ನೊಂದು ವಿಷಯ, ಆ ಸ್ಕ್ರೀನ್‌ಶಾಟ್ ಮಧ್ಯಾಹ್ನದ್ದು. ತೊಂದರೆ ರಾತ್ರಿಯದು. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ.

ಶಿರಸಿ ಸುತ್ತಮುತ್ತ ಮನೆಗಳಿಗೆ ನೆಟ್ ಸರಿ ಮಾಡಿಕೊಡುವುದು ನನ್ನ ಕೆಲಸ. ಮನೆಯಿಂದ ಕೆಲಸ ಮಾಡುವವರಿಗೆ ನಾನು ಒಂದಲ್ಲ, ಮೂರು ಟಾರ್ಗೆಟ್ (ಟೂಲ್ ಅಳೆಯಬೇಕಾದ ವಿಳಾಸ) ಹಾಕಿಕೊಡುತ್ತೇನೆ. ಮೊದಲನೆಯದು ನಿಮ್ಮದೇ ರೂಟರ್, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಎರಡನೆಯದು ಕಂಪನಿಯ ವಿಪಿಎನ್ (ಮನೆಯಿಂದ ಕಂಪನಿ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ಟನಲ್) ಸರ್ವರ್‌ನ ಹೊರಗಿನ ವಿಳಾಸ. ಕಂಪನಿ ಒಳಗಿನ ವಿಳಾಸ ಹಾಕಿದರೆ ಪ್ಯಾಕೆಟ್ ಟನಲ್ ಒಳಗೇ ಹೋಗುತ್ತದೆ, ನಡುವಿನ ದಾರಿ ಕಾಣುವುದೇ ಇಲ್ಲ. ವಿಪಿಎನ್ ಸರ್ವರ್ ಪಿಂಗ್‌ಗೆ ಉತ್ತರ ಕೊಡದಿದ್ದರೆ ಟೂಲ್‌ನಲ್ಲಿ ಐಸಿಎಂಪಿ ಬದಲು ಟಿಸಿಪಿ, ಪೋರ್ಟ್ 443 (ವೆಬ್‌ಸೈಟ್‌ಗಳು ಬಳಸುವ ಬಾಗಿಲು) ಇಟ್ಟು ನೋಡಿ. ಮೂರನೆಯದು ಹೋಲಿಸಿ ನೋಡಲು 1.1.1.1 ಅಥವಾ 8.8.8.8, ಕ್ಲೌಡ್‌ಫ್ಲೇರ್ ಮತ್ತು ಗೂಗಲ್‌ನ ಸಾರ್ವಜನಿಕ ಸರ್ವರ್‌ಗಳು. ಮೂರಕ್ಕೂ ಇಂಟರ್ವಲ್ 2.5 ಸೆಕೆಂಡ್ ಇಡಿ, ಗಂಟೆಗೆ 1,440 ಸಲ ಅಳತೆ ಸಿಗುತ್ತದೆ, ಸಾಕು. ಸಂಜೆ ಆರಕ್ಕೆ ಶುರು ಮಾಡಿ ಹನ್ನೊಂದರವರೆಗೆ ಬಿಡಿ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಮಾಡಿ, ಸಾಧ್ಯವಾದರೆ ಲ್ಯಾನ್ ಕೇಬಲ್ ಹಾಕಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಗೊತ್ತಲ್ಲ, ಮೋಡೆಮ್ ಯುಪಿಎಸ್ ಮೇಲೆ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದದ್ದೂ ಲೈನ್ ಹೋದದ್ದೂ ಗ್ರಾಫ್‌ನಲ್ಲಿ ಒಂದೇ ಥರ ಕಾಣುತ್ತದೆ.

ಆಮೇಲೆ ಕೊನೆಯ ಹಾಪ್‌ನ ಟೈಮ್‌ಲೈನ್ ನೋಡಿ. ಅದರಲ್ಲಿ ಕೆಟ್ಟ ಹೊತ್ತು ಹಿಡಿದುಕೊಂಡು ಮೇಲಿನ ಹಾಪ್‌ಗಳಿಗೆ ಹೋಗಿ, ಮೊದಲು ಎಲ್ಲಿ ಕೆಟ್ಟಿತು ಅಂತ ಹುಡುಕಿ. ನಿಮ್ಮ ರೂಟರ್‌ನಲ್ಲೇ ಲಾಸ್ ಇದ್ದರೆ ಅದು ವೈಫೈ ಅಥವಾ ಮನೆಯೊಳಗಿನ ಕೇಬಲ್, ನೆಟ್‌ನವರನ್ನು ಕರೆದು ಉಪಯೋಗವಿಲ್ಲ. ರೂಟರ್ ಸರಿಯಿದ್ದು ಎರಡನೇ ಹಾಪ್‌ನಿಂದ ಕೊನೆಯವರೆಗೂ ಲಾಸ್ ಹರಿದು ಬಂದಿದ್ದರೆ, 1.1.1.1 ಕೂಡ ಅದೇ ಹೊತ್ತಿಗೆ ಕೆಟ್ಟಿದ್ದರೆ, ಅದು ನಿಮ್ಮ ಲೈನ್ ಅಥವಾ ಅವರ ಎಕ್ಸ್‌ಚೇಂಜ್ ಕಡೆ. ವಿಪಿಎನ್ ಒಂದೇ ಕೆಟ್ಟಿದ್ದರೆ ಕಂಪನಿಯ ಐಟಿಯವರಿಗೂ ತೋರಿಸಿ.

ಲಾಸ್ ಇಲ್ಲದೆ ಬರೀ ಪ್ಯಾಕೆಟ್ ಹೋಗಿ ಬರುವ ಸಮಯ ಏರಿದ್ದರೆ ಗ್ರಾಫ್‌ನ ಆಕಾರ ನೋಡಬೇಕು. ಎಂಟರಿಂದ ನಿಧಾನ ಏರಿ ಹನ್ನೊಂದಕ್ಕೆ ಇಳಿದರೆ ಎಲ್ಲೋ ಲೈನ್ ತುಂಬಿದೆ, ಎಲ್ಲರೂ ಒಟ್ಟಿಗೆ ವಿಡಿಯೋ ನೋಡುವ ಹೊತ್ತು ಅದು. ಒಂದೇ ಸಲಕ್ಕೆ 15 ಮಿಲಿಸೆಕೆಂಡಿನಿಂದ 40ಕ್ಕೆ ಹಾರಿ ಅಲ್ಲೇ ನಿಂತರೆ, ಹಾಪ್‌ಗಳ ವಿಳಾಸವೂ ಬದಲಾಗಿದ್ದರೆ, ದಾರಿಯೇ ಬೇರೆಯಾಗಿದೆ. ನಮ್ಮ ಜಿಲ್ಲೆಯಲ್ಲಿ ಇದು ಸಹಜ. ಫೈಬರ್ ರಸ್ತೆ ಬದಿಯಲ್ಲೇ ಬರುವುದು ಜಾಸ್ತಿ, ಘಟ್ಟದ ರಸ್ತೆಯಲ್ಲಿ ಗುಡ್ಡ ಜರಿದರೆ ಅಥವಾ ಹೆದ್ದಾರಿ ಬದಿಯಲ್ಲಿ ಜೆಸಿಬಿ ಅಗೆದರೆ ಟ್ರಾಫಿಕ್ ಸುತ್ತು ಹಾಕಿ ಹೋಗುತ್ತದೆ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ, ಅಂದರೆ 500 ಕಿ.ಮೀ. ಕೇಬಲ್‌ಗೆ ಹೋಗಿ ಬರಲು 5 ಮಿಲಿಸೆಕೆಂಡ್. ಹಾಗಾಗಿ 25 ಮಿಲಿಸೆಕೆಂಡ್ ಜಾಸ್ತಿಯಾದದ್ದು ಬರೀ ದೂರದಿಂದಲೇ ಆದರೆ ಅದು ಸಣ್ಣ ಸುತ್ತಲ್ಲ. ಆದರೂ 40ರಲ್ಲಿ ಸ್ಥಿರವಾಗಿ ನಿಂತರೆ ಕಾಲ್‌ಗೆ ತೊಂದರೆ ಇಲ್ಲ. ಕಾಲ್ ಕೆಡಿಸುವುದು ಲಾಸ್ ಮತ್ತು ಏರಿಳಿತ.

ಇಂಥದ್ದೇ ಇನ್ನೊಂದು ಟೂಲ್ ವಿನ್‌ಎಂಟಿಆರ್ ಸಾಕಾಗಲ್ವಾ ಅಂತಲೂ ಕೇಳಿದ್ದಿರಿ. ಪುಕ್ಕಟೆ, ಹಗುರ, ಒಳ್ಳೆಯದೇ. ಆದರೆ ಅದು ಶುರುವಿನಿಂದ ಈವರೆಗಿನ ಸರಾಸರಿ ಕೊಡುತ್ತದೆ, ಟೈಮ್‌ಲೈನ್ ಇಲ್ಲ. ಎಂಟೂವರೆಯ ಹತ್ತು ನಿಮಿಷದ ಕಾಟ ಐದು ಗಂಟೆಯ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ತೊಂದರೆ ನಡೆಯುತ್ತಿರುವಾಗಲೇ ಓಡಿಸುವುದಾದರೆ ಸರಿ.

ಕಂಪ್ಲೇಂಟ್ ಕೊಡುವಾಗ ಒಂದು ಒಳ್ಳೆಯ ದಿನದ ಮತ್ತು ಮೂರ್ನಾಲ್ಕು ಕೆಟ್ಟ ರಾತ್ರಿಗಳ ಗ್ರಾಫ್ ಜೊತೆಗಿಡಿ, ಸಮಯ ಕಾಣುವ ಹಾಗೆ. ನೆಟ್ ಸ್ಲೋ ಅಂತ ಸುಮ್ನೆ ಹೇಳಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಇದನ್ನು ತೋರಿಸಿದರೆ ಮೇಲಿನವರಿಗೆ ಕಳಿಸಲೇಬೇಕಾಗುತ್ತದೆ. ರಾತ್ರಿಯ ಗ್ರಾಫ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಹಾಕುವ ಮೊದಲು ವಿಪಿಎನ್ ಸರ್ವರ್ ಹೆಸರು ಮತ್ತು ನಿಮ್ಮ ಪಬ್ಲಿಕ್ ಐಪಿ ಅಳಿಸಿಬಿಡಿ.