ಲೋಗೋ ಬಂದ ಕೂಡಲೇ ರೀಸ್ಟಾರ್ಟ್: ಮದರ್‌ಬೋರ್ಡ್ ಹೋಗಿದೆಯಾ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಏಳು ವರ್ಷ ಆಯ್ತು. ಈಗ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೋಗೋ ಬರುತ್ತದೆ, ಅಷ್ಟರಲ್ಲಿ ರೀಸ್ಟಾರ್ಟ್. ಮತ್ತೆ ಅದೇ ಕಥೆ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಲು ಹೋದರು, ಅದೂ ಅರ್ಧಕ್ಕೇ ನಿಂತು ರೀಸ್ಟಾರ್ಟ್ ಆಯ್ತು. ಈಗ ಮದರ್‌ಬೋರ್ಡ್ ಬದಲಿಸಬೇಕು ಅಂತಿದ್ದಾರೆ. ಏನು ಮಾಡಲಿ? (ಸಾಗರದ ಓದುಗರು)

ಉತ್ತರ: ಮದರ್‌ಬೋರ್ಡ್‌ಗೆ ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಪತ್ರದಲ್ಲೇ ಒಳ್ಳೆಯ ಸುಳಿವಿದೆ. ವಿಂಡೋಸ್ ಹಾಕುವಾಗ ಕಂಪ್ಯೂಟರ್ ಓಡುತ್ತಿದ್ದದ್ದು ಪೆನ್‌ಡ್ರೈವ್‌ನಿಂದ, ಹಳೆಯ ವಿಂಡೋಸ್‌ನಿಂದ ಅಲ್ಲ. ಆಗಲೂ ರೀಸ್ಟಾರ್ಟ್ ಆಯ್ತು ಅಂದರೆ ತೊಂದರೆ ಹೆಚ್ಚುಕಮ್ಮಿ ಹಾರ್ಡ್‌ವೇರ್‌ನಲ್ಲೇ ಇದೆ.

ಇದನ್ನು ಖಚಿತ ಮಾಡಿಕೊಳ್ಳಿ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್‌2 ಒತ್ತುತ್ತಾ ಬಯೋಸ್ (ವಿಂಡೋಸ್‌ಗಿಂತ ಮೊದಲು ಬರುವ, ಮದರ್‌ಬೋರ್ಡ್‌ನದೇ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಹತ್ತು-ಹದಿನೈದು ನಿಮಿಷ ಸುಮ್ನೆ ಬಿಡಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ಮಾತು ಮುಗೀತು. ಅಲ್ಲೇ ಸಿಪಿಯು (ಇಡೀ ಡಬ್ಬಿ ಅಲ್ಲ, ಒಳಗಿನ ಪ್ರೊಸೆಸರ್ ಚಿಪ್) ಎಷ್ಟು ಬಿಸಿ ಇದೆ ಅನ್ನೋದೂ ಕಾಣುತ್ತದೆ. ನೋಡ್ತಾ ನೋಡ್ತಾ 90 ಡಿಗ್ರಿ ದಾಟಿದರೆ ಅದರ ಮೇಲೆ ಕೂರುವ ಫ್ಯಾನ್, ಅಂದರೆ ಕೂಲರ್, ಸರಿಯಾಗಿ ಕೂತಿಲ್ಲ. ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದು ಮೇಲೆದ್ದರೂ ಸಾಕು, ಕೂಲರ್ ಓರೆಯಾಗುತ್ತದೆ. ಆದರೆ ಬಿಸಿ ಜಾಸ್ತಿಯಾದಾಗ ಕಂಪ್ಯೂಟರ್ ಹೆಚ್ಚಾಗಿ ಪೂರ್ತಿ ಆಫ್ ಆಗುತ್ತದೆ. ನಿಮ್ಮದು ಹಾಗಲ್ಲ.

ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟ್ ಅನ್ನು 12, 5 ಮತ್ತು 3.3 ವೋಲ್ಟ್ ಮಾಡಿ ಕೊಡುವ ಡಬ್ಬಿ ಅದು. ವರ್ಷ ಕಳೆದಂತೆ ಒಳಗಿನ ಕೆಪಾಸಿಟರ್‌ಗಳು (ಕರೆಂಟ್ ಕೂಡಿಟ್ಟು ಕೊಡುವ ಪುಟ್ಟ ಡಬ್ಬಿಗಳು) ಒಣಗುತ್ತವೆ. ಕೆಲಸ ಕಡಿಮೆ ಇದ್ದಾಗ ಹೇಗೋ ನಡೆಯುತ್ತದೆ. ಸಿಪಿಯು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ 12 ವೋಲ್ಟ್ ಕುಸಿಯುತ್ತದೆ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಬೂದು ಬಣ್ಣದ ಒಂದು ವೈರ್ ಹೋಗುತ್ತದೆ, 'ಪವರ್ ಸರಿ ಇದೆ' ಎಂದು ಹೇಳುವುದೇ ಅದರ ಕೆಲಸ. ಆ ಸಿಗ್ನಲ್ ತಪ್ಪಿದ ಕೂಡಲೇ ಬೋರ್ಡ್ ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತದೆ. ನೀವು ನೋಡುತ್ತಿರುವ ಸುತ್ತಾಟ ಇದೇ ಇರಬಹುದು.

ಅಂಗಡಿಯಲ್ಲಿ ಹಸಿರು ಮತ್ತು ಕಪ್ಪು ವೈರ್ ಸೇರಿಸಿ, ಫ್ಯಾನ್ ತಿರುಗಿದರೆ 'ಎಸ್‌ಎಂಪಿಎಸ್ ಓಕೆ' ಅಂದುಬಿಡುತ್ತಾರೆ. ಅದು ಪರೀಕ್ಷೆಯೇ ಅಲ್ಲ, ಲೋಡ್ ಇಲ್ಲದೆ ಯಾವ ಎಸ್‌ಎಂಪಿಎಸ್ ಕೂಡ ಚೆನ್ನಾಗೇ ಕಾಣುತ್ತದೆ. ಕಂಪ್ಯೂಟರ್ ಓಡುವಾಗ ಮಲ್ಟಿಮೀಟರ್‌ನಲ್ಲಿ ಹಳದಿ-ಕಪ್ಪು ವೈರ್ ನಡುವೆ ಅಳೆಯಿಸಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಆಗುವ ಕುಸಿತ ಮೀಟರ್‌ಗೆ ಸಿಗುವುದಿಲ್ಲ, ಹಾಗಾಗಿ ಗೊತ್ತಿರುವ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ನೋಡುವುದೇ ಸರಿ. ಹಳೆಯದರ ಕೇಬಲ್ ಮಾತ್ರ ತೆಗೆಯಿರಿ, ಅದನ್ನು ಕ್ಯಾಬಿನೆಟ್‌ನಿಂದ ಬಿಚ್ಚುವುದೂ ಬೇಡ. ಪಕ್ಕದಲ್ಲಿಟ್ಟು ದೊಡ್ಡ 24 ಪಿನ್ ಕೇಬಲ್, ಸಿಪಿಯು ಬಳಿಯ 4 ಅಥವಾ 8 ಪಿನ್ ಕೇಬಲ್ ಚುಚ್ಚಿದರೆ ಬಯೋಸ್ ತನಕ ನೋಡಲು ಸಾಕು. ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆ ಕೇಬಲ್ ಇದ್ದರೆ ಅದನ್ನೂ ಹಾಕಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಎರವಲು ಸಿಗುವ ಮೊದಲು ಖರ್ಚಿಲ್ಲದ ಎರಡು ಕೆಲಸ ಮಾಡಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ, ಬ್ಯಾಟರಿ ಸತ್ತ ಯುಪಿಎಸ್ ಕೂಡ ಇದೇ ಆಟ ಆಡುತ್ತದೆ. ಆಮೇಲೆ ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ರ್ಯಾಮ್ ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಬೀಳುವ ತನಕ ಒತ್ತಿ ಹಾಕಿ. ಮಲೆನಾಡಿನ ಮಳೆಗಾಲಕ್ಕೆ ಆ ಅಂಚು ಮಂಕಾಗುವುದು ಮಾಮೂಲು. ಎರಡು ರ್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕ್ಯಾಬಿನೆಟ್ ಮೂಲೆಯಲ್ಲಿ ಇರುವೆ, ಹಲ್ಲಿ ಇದ್ದಾವಾ ಅಂತಲೂ ನೋಡಿ. ತಮಾಷೆಗೆ ಹೇಳ್ತಿಲ್ಲ, ಬೋರ್ಡ್ ಮೇಲೆ ಸತ್ತ ಹಲ್ಲಿ ಶಾರ್ಟ್ ಮಾಡುತ್ತದೆ.

ಇನ್ನೊಂದು ಸಣ್ಣ ಕಳ್ಳ ರೀಸೆಟ್ ಬಟನ್. ಒಳಗೇ ಸಿಕ್ಕಿಕೊಂಡಿದ್ದರೆ ಕಂಪ್ಯೂಟರ್ ಮೇಲೇಳುವುದೇ ಇಲ್ಲ. ಬೋರ್ಡ್‌ಗೆ ಹೋಗುವ ಅದರ ಎರಡು ಎಳೆಯ ವೈರ್ ಕಿತ್ತು ನೋಡಿ, ಏನೂ ಹಾಳಾಗುವುದಿಲ್ಲ.

ಹೊಸ ಎಸ್‌ಎಂಪಿಎಸ್ ಬೇಕಾದರೆ ಕ್ಯಾಬಿನೆಟ್ ಜೊತೆ ಸಿಗುವಂಥದ್ದು ಬೇಡ. ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ, ಎತ್ತಿ ನೋಡಿದರೆ ಖಾಲಿ ಡಬ್ಬಿಯಂತೆ ಹಗುರ. 80 ಪ್ಲಸ್ ಗುರುತು (ಕರೆಂಟ್ ಪೋಲು ಕಡಿಮೆ ಅನ್ನುವ ಪ್ರಮಾಣಪತ್ರ) ಇರುವುದನ್ನು ಕೇಳಿ. ಯಾರೇ ರಿಪೇರಿಗೆ ಕೂತರೂ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ ಮನೆಯಲ್ಲಿಡಿ. ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ನಲ್ಲಿ ಸಿ ಡ್ರೈವ್ ಆಗಲೇ ಅಳಿಸಿರಬಹುದು. ಉಳಿದ ಡ್ರೈವ್‌ನ ಫೋಟೋಗಳಾದರೂ ಉಳಿಯಲಿ, ಅಲ್ವಾ.

ಇಷ್ಟೆಲ್ಲಾ ಮಾಡಿದ ಮೇಲೂ ಒಂದೇ ರ್ಯಾಮ್, ಬೇರೆ ಎಸ್‌ಎಂಪಿಎಸ್, ಡಿಸ್ಕ್ ಇಲ್ಲದೆ ಬಯೋಸ್‌ನಲ್ಲೇ ರೀಸ್ಟಾರ್ಟ್ ಆಗುತ್ತಿದ್ದರೆ, ಅಥವಾ ಸಿಪಿಯು ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಅಂಗಡಿಯವರ ಮಾತನ್ನು ಒಪ್ಪಬಹುದು. ಆಗಲೂ ನಿಮ್ಮ ಸಿಪಿಯುಗೆ ಹೊಂದುವ ಹೊಸ ಬೋರ್ಡ್ ಸಿಗುತ್ತದಾ ಅಂತ ಕೇಳಿಕೊಳ್ಳಿ. ಬೋರ್ಡ್ ಮೇಲೆ ಸಿಪಿಯು ಕೂರುವ ಏಳು ವರ್ಷ ಹಳೆಯ ಸಾಕೆಟ್‌ಗೆ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಡುತ್ತಾರೆ. ಅದಕ್ಕೆ ಎಷ್ಟು ದಿನದ ಗ್ಯಾರಂಟಿ ಅನ್ನೋದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.